ಎಣ್ಣೆಯಿಲ್ಲದ ತಲೆ

ನಮ್ಮತ್ತೆ ಚಿಕ್ಕಬೋರಮ್ಮನ ಮರ್ಯಾದೆಯೆಲ್ಲ ತಲೆಗೂದಲಲ್ಲೇ ಇತ್ತು. ದೇವಲಾಪುರದ ಡೇರಿಗೆ ಹಾಲು ಹಾಕಲು ಹೊರಟರೂ ಸರಿ, ಕೊಬ್ಬರಿ ಎಣ್ಣೆ ಹಚ್ಚಿ, ನುಣ್ಣಗೆ ಬಾಚಿ ತುರುಬು ಕಟ್ಟದೆ ಹೊಸಿಲು ದಾಟಿದವರಲ್ಲ. ಒಣತಲೆಯಲ್ಲಿ ಓಡಾಡುವುದು ಸಾವಾದ ಮನೆಯವರು ಮಾತ್ರ ಎಂದು ನನಗೂ ಎಷ್ಟು ಸಲ ಬೈದಿದ್ದರೋ!

ಹಿಂದೊಮ್ಮೆ ತೆಂಗಿನ ಗರಿ ಬಡಿದು ಅವರ ಎಡಗಣ್ಣಿಗೆ ಪೊರೆ ಬಂದಿತ್ತು. ಈಚೆಗೆ ಸಕ್ಕರೆ ಕಾಯಿಲೆ ಬಲಗಣ್ಣನ್ನೂ ತಿಂದುಹಾಕಿತು. ಉಳಿದಿದ್ದು ಎಡಗಣ್ಣಿನ ಆಪರೇಷನ್ನಿನ ಆಸೆಯೊಂದೇ. ಪೊರೆಯ ಹಿಂದಿನ ನರ ಬದುಕಿದೆಯೇ ಎಂದು ಮೊದಲು ತಿಳಿಯಬೇಕು ಎಂದರು ಮೈಸೂರಿನ ಡಾಕ್ಟರು. ತಲೆಯ ಹಿಂಭಾಗಕ್ಕೆ ವೈರು ಅಂಟಿಸಿ, ಕಣ್ಣಿಗೆ ಬೆಳಕು ಮಿನುಗಿಸಿ, ಮಿದುಳಿಗೆ ಮುಟ್ಟುವ ಸಣ್ಣ ಕರೆಂಟನ್ನು ಅಳೆಯುತ್ತಾರಂತೆ. ತಲೆ ತೊಳೆದು ಬನ್ನಿ, ಎಣ್ಣೆ ಮಾತ್ರ ಮುಟ್ಟಿಸಬೇಡಿ ಎಂದು ಒತ್ತಿ ಹೇಳಿದ್ದರು. ಸೀಗೆಪುಡಿ ಹಾಕಿ ನಾನೇ ಉಜ್ಜಿದ್ದೆ; ಹೊರಡುವಾಗ ತಲೆ ಒದ್ದೆಯಾಗಿಯೇ ಹೊಳೆಯುತ್ತಿತ್ತು.

ಅಲ್ಲಿ ನೋಡಿದರೆ ವೈರು ಜಾರಿ ಜಾರಿ ಬಿತ್ತು. ಎಣ್ಣೆ ಹಾಕಿದ್ದೀರಾ ಎಂದು ಪರೀಕ್ಷೆ ಮಾಡುವ ತನುಶ್ರೀ ಕೇಳಿದರೆ ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಹಲ್ಲು ಕಚ್ಚಬೇಡಿ, ಕತ್ತು ಸಡಿಲ ಬಿಡಿ, ಬಿಗಿದರೂ ಪರದೆಯ ಮೇಲಿನ ಗೆರೆ ಕೆಡುತ್ತದೆ ಎಂದಳು; ಅತ್ತೆ ಕಂಬದ ಹಾಗೆ ಬಿಗಿದುಕೊಂಡೇ ಕೂತರು. ನರದ ಸುದ್ದಿ ಸರಿಯಾಗಿ ಬರುತ್ತಿಲ್ಲ, ಇನ್ನೊಮ್ಮೆ ಮಾಡೋಣ ಎಂದರು ಡಾಕ್ಟರು. ಬೇಡವೇ ಬೇಡ ಎಂದು ಅತ್ತೆ ಎದ್ದು ಬಂದುಬಿಟ್ಟರು.

ಆಮೇಲೊಂದು ದಿನ ಡೇರಿಯಲ್ಲಿ ಅಳತೆಯ ಪಾತ್ರೆ ಕಾಣದೆ ಹಾಲನ್ನೆಲ್ಲ ನೆಲಕ್ಕೆ ಸುರಿದರು. ಸಾಲಿನವರು ನಕ್ಕರು. ದೇವರು ಇವಳ ಕಣ್ಣು ಕಿತ್ತುಕೊಂಡನಲ್ಲ ಎಂದು ಮಾವ ಕರಿಯಪ್ಪ ಮನೆಯಲ್ಲಿ ಹಲುಬಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ದ್ಯಾವ್ರನ್ಯಾಕೆ ಬಯ್ತೀರ? ಬಸ್ಸಿಗೆ ಒಂಟಾಗ ಒಳೀಕೋಗಿ ಒಂದೀಟು ಎಣ್ಣೆ ಬಳ್ಕೊಂಬುಟ್ಟೆ. ನೋಡ್ದೋರು ಯಾರು ಸತ್ರು ಅಂತಾರಲ್ಲ ಅಂತ. ಆಸ್ಪತ್ರೇಲಿ ಕೇಳ್ದಾಗ ನಾಚ್ಕೆಗೆ ಇಲ್ಲ ಅಂತ ತಲೆಯಾಡಿಸ್ಬುಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದೆ. ಆಮೇಲೆ ಇನ್ನೊಮ್ಮೆ ಹೋಗೋಣವೇ ಎಂದು ಕೇಳಿದೆ; ಅತ್ತೆ ಹೂಂ ಎಂದರು.

ಮುಂದಿನ ವಾರ ಮತ್ತೆ ಹೊರಟೆವು. ಬಸ್‌ಸ್ಟಾಂಡಿನಲ್ಲಿ ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಿಂತಿದ್ದರು. ಪಕ್ಕದ ಬೀದಿಯ ಪುಟ್ಟಗೌರಮ್ಮ ಬಿಡುತ್ತಾಳೆಯೇ? ಸೆರಗಿನ ಸಂದಿಯಲ್ಲಿ ಒಣಗೂದಲು ಕಂಡದ್ದೇ ತಡ, ಹತ್ತಿರ ಬಂದು ಯಾರು ಹೋದರು ಎಂದು ಕೇಳಿಯೇಬಿಟ್ಟಳು. ಅತ್ತೆ ಸೆರಗು ಇಳಿಸಿದರು.

"ಯಾರೂ ಓಗಿಲ್ಲ ಕಣವ್ವ. ನನ್ನ ಕಣ್ಣಿನ್ನೂ ಬದ್ಕೈತಾ ಅಂತ ಕೇಳಕ್ಕೆ ಓಯ್ತಾ ಇವ್ನಿ."

ಆವತ್ತು ವೈರು ಜಾರಲಿಲ್ಲ. ನರ ಬದುಕಿದೆ, ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ಅತ್ತೆ ನಗಲಿಲ್ಲ. ತನುಶ್ರೀಯ ಕೈ ಹಿಡಿದು, ಹೋದ ಸಲ ನಿನಗೆ ಸುಳ್ಳು ಹೇಳಿದ್ದೆ ಎಂದು ತಲೆ ತಗ್ಗಿಸಿದರು.