ಒಳಬೆಸುಗೆಗೆ ಬೇಕಾದ ಇನ್ನೊಂದು ಜೊತೆ ಕೈ

೨೦೨೧ನೆಯ ಇಸವಿ, ನನಗಾಗ ನಲವತ್ತೊಂಬತ್ತು ವರ್ಷ. ಆ ವರ್ಷದ ದೀಪಾವಳಿ ಕಳೆದ ಮೇಲೆ ನನ್ನ ಹೆಂಡತಿ ನಮ್ಮ ಮನೆಯನ್ನು ಬಿಟ್ಟು ಸೊರಬದಲ್ಲಿರುವ ತನ್ನ ಅಕ್ಕನ ಮನೆಗೆ ಹೋದಳು. ಮನೆಯನ್ನು ಬಿಟ್ಟಳು, ಕೆಲಸವನ್ನು ಬಿಡಲಿಲ್ಲ. ಮುಂದಿನ ಮಳೆಗಾಲ ಮುಗಿಯುತ್ತ ಬರುವವರೆಗೆ ನಾನು ಆ ಎರಡನೆಯ ಮಾತನ್ನು ನೆಚ್ಚಿಕೊಂಡು ಬದುಕಿದೆ.

ಕೆಲಸದ ಸ್ವರೂಪವನ್ನು ಮೊದಲು ಹೇಳಿಬಿಡಬೇಕು. ಅದನ್ನರಿಯದವರಿಗೆ ಉಳಿದದ್ದು ಅರ್ಥವಾಗುವುದಿಲ್ಲ. ನಾನು ಕನ್ನಡ ಕಲಿಸುತ್ತಿದ್ದ ಖಾಸಗಿ ಪ್ರೌಢಶಾಲೆ ಮಕ್ಕಳಿಲ್ಲದೆ ಮುಚ್ಚಿದ ಮೇಲೆ, ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಾವಿಬ್ಬರೂ ಸೇರಿ ಒಂದು ಶೆಡ್ಡು ಹಾಕಿದೆವು. ಪವರ್ ಟಿಲ್ಲರುಗಳಿಗೆ ಬೇಕಾದ ಪ್ಲಾಸ್ಟಿಕ್ಕಿನ ಡೀಸೆಲ್ ಟ್ಯಾಂಕುಗಳನ್ನು ಅಲ್ಲಿ ತಯಾರಿಸುತ್ತೇವೆ. ಕರಿಯ ಹಾಳೆಯನ್ನು ಕಾಯಿಸಿ ಅಚ್ಚಿನೊಳಕ್ಕೆ ಎಳೆದರೆ ಅರ್ಧ ಟ್ಯಾಂಕು. ಎರಡು ಅರ್ಧಗಳ ಅಂಚನ್ನು ಕರಗಿಸಿ ಕೂಡಿಸಿದರೆ ಪೂರ್ಣ ಟ್ಯಾಂಕು. ಕೂಡಿಸುವ ಮೊದಲು ಒಳಗೋಡೆಗೆ ಒಂದು ತಡೆಹಲಗೆಯನ್ನು ಬೆಸೆಯಬೇಕು. ಗದ್ದೆಯಲ್ಲಿ ಟಿಲ್ಲರು ಕುಲುಕಿದಾಗ ಡೀಸೆಲು ಒಂದೇ ಕಡೆಗೆ ನುಗ್ಗದಂತೆ ತಡೆಯುವ, ಅಂಗೈಯಗಲದ ತುಂಡು ಅದು. ಈ ಪ್ಲಾಸ್ಟಿಕ್ಕಿಗೆ ಯಾವ ಗೋಂದೂ ಹಿಡಿಯುವುದಿಲ್ಲ. ಗೋಡೆ ಇನ್ನೂ ಮೆತ್ತಗಿರುವಾಗಲೇ ಹಲಗೆಯ ಬುಡವನ್ನು ಕಾದ ತಗಡಿನ ಮೇಲೆ ಕರಗಿಸಿ ಒತ್ತಬೇಕು. ತಡವಾದರೆ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಟ್ಯಾಂಕನ್ನು ಮುಚ್ಚಿದ ಮೇಲೆ ಒಳಗನ್ನು ನೋಡಲು ಬರುವುದಿಲ್ಲ. ಆರಿದ ಮೇಲೆ ಕಿವಿಯ ಹತ್ತಿರ ಹಿಡಿದು ಕುಲುಕಬೇಕು. ಸದ್ದಾದರೆ ಹಲಗೆ ಕಳಚಿದೆಯೆಂದು ಅರ್ಥ, ಆ ಟ್ಯಾಂಕು ವ್ಯರ್ಥ.

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಒಳಗಿನಿಂದ ಹಲಗೆಯನ್ನು ಒತ್ತುವಾಗ ಇನ್ನೊಬ್ಬರು ಹೊರಗಿನಿಂದ ಮೆತ್ತನೆಯ ಗೋಡೆಗೆ ಮರದ ದಿಮ್ಮಿಯ ಆಸರೆ ಹಿಡಿಯಬೇಕು. ಎರಡು ಬಲಗಳೂ ಸಮವಾಗಿರಬೇಕು. ಇಲ್ಲದಿದ್ದರೆ ಗೋಡೆ ಉಬ್ಬುತ್ತದೆ ಅಥವಾ ಕುಸಿಯುತ್ತದೆ. ಗೋಡೆ ನಡುವೆ ಇರುವುದರಿಂದ ಒಬ್ಬರ ಕೈ ಇನ್ನೊಬ್ಬರಿಗೆ ಕಾಣದು. ಒತ್ತುವವಳು ನನ್ನ ಹೆಂಡತಿ, ಆಸರೆ ಹಿಡಿಯುವವನು ನಾನು. ಮೊದಮೊದಲು ಅವಳು "ಹ್ಞೂಂ" ಎಂದಾಗ ನಾನು ದಿಮ್ಮಿಯನ್ನು ಒತ್ತುತ್ತಿದ್ದೆ. ಕೆಲವು ವರ್ಷಗಳಲ್ಲಿ ಆ "ಹ್ಞೂಂ" ಕೂಡ ಬೇಕಿಲ್ಲದಂತಾಯಿತು.

ಅವಳು ಹೊರಟಾಗ ನನ್ನ ಅಣ್ಣನೂ ಅವಳ ಅಕ್ಕನ ಗಂಡನೂ ನಮ್ಮ ಪಡಸಾಲೆಯಲ್ಲಿ ಕುಳಿತು ವಿಚಾರಿಸಿದರು. ಅಣ್ಣನೇ ಕೇಳಿದ:

"ಏನವಾ, ಹೊಡೀತಾನೇನು?"

"ಇಲ್ಲ ಭಾವ."

"ಕುಡೀತಾನೇನು?"

"ಈ ಮನೇಲಿ ಚಾ ಬಿಟ್ರೆ ಕುಡಿಯೋದು ಎಂತ ಇದೆ?"

"ಮತ್ತೇನು ಕೊರತಿ ಐತಿ ಹೇಳವಾ ನಿಂಗೆ?"

"ಕೊರತೆ ಹುಡ್ಕೋದು ಅವರ ಕೆಲಸ ಭಾವ, ನಂದಲ್ಲ. ಸಾರಿನ ಉಪ್ಪು, ಮಡಚಿದ ಬಟ್ಟೆ, ಆಡಿದ ಮಾತು... ದಿನಾ ಪರೀಕ್ಷೆ ಬರ್ದು ಬರ್ದು ಸಾಕಾಗಿದೆ. ಇನ್ನು ನಂಗೆ ಪಾಸಾಗದೂ ಬ್ಯಾಡ, ಫೇಲಾಗದೂ ಬ್ಯಾಡ."

ಅಣ್ಣ ನನ್ನ ಮುಖ ನೋಡಿದ. ವಾದಿಸಲು ನನ್ನಲ್ಲಿ ಮಾತುಗಳಿದ್ದವು. ಅವು ವ್ಯವಸ್ಥಿತವಾಗಿಯೇ ಇದ್ದವು. ಅವುಗಳಲ್ಲಿ ಒಂದೂ ಅವಳನ್ನು ನಿಲ್ಲಿಸುವಂಥದ್ದಾಗಿರಲಿಲ್ಲ. ಕೊನೆಗೆ ಶೆಡ್ಡಿನ ಗತಿಯೇನು ಎಂಬ ಪ್ರಶ್ನೆ ಬಂದಾಗ ಅವಳೇ ಹೇಳಿದಳು: "ಕೆಲಸಾನ ನಡುನೀರಲ್ಲಿ ಬಿಡೋಳಲ್ಲ ನಾನು. ನನ್ನ ಜಾಗಕ್ಕೆ ಒಬ್ರು ಕಲಿಯೋ ತನಕ ಬಸ್ಸಲ್ಲಿ ಬಂದು ಹೋಗ್ತೀನಿ. ಕಲ್ತ್ರು ಅಂತ ಇವ್ರೇ ಹೇಳ್ಲಿ. ಹೇಳಿದ ದಿನಕ್ಕೆ ನಂದು ಮುಗೀತು."

ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಆ ಮಾತನ್ನು ಆಡುವ ಅಧಿಕಾರ ನನ್ನೊಬ್ಬನದಾಗಿದೆ ಎಂಬುದು ಅಂದು ರಾತ್ರಿಯೇ ನನ್ನ ಮನಸ್ಸಿಗೆ ಹೊಳೆಯಿತು.

ಅವಳು ಬೆಳಗಿನ ಬಸ್ಸಿಗೆ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ಬುತ್ತಿಯನ್ನು ಅಲ್ಲಿಂದಲೇ ತರುವಳು. ನಾವು ಆಡುತ್ತಿದ್ದ ಮಾತು ಹಾಳೆ, ಬಿಸಿ, ಲಾರಿ, ಇಷ್ಟೆ. ಆದರೆ ಹಲಗೆಯನ್ನು ಒತ್ತುವ ಆ ಅರೆಗಳಿಗೆಯಲ್ಲಿ ಅವಳ ಕೈಯ ಬಲ ಗೋಡೆಯನ್ನು ದಾಟಿ ನನ್ನ ದಿಮ್ಮಿಗೆ ಬರುತ್ತಿತ್ತು. ಮನೆಯಲ್ಲಿ ಒಬ್ಬನೇ ಉಂಡು ಮಲಗುವವನಿಗೆ ಅದು ದಿನಕ್ಕೆ ಸಾಕಾಗುವಷ್ಟಿತ್ತು.

ಮೊದಲು ಕಲಿಯಲು ಬಂದವನು ಶಿರಾಳಕೊಪ್ಪದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನು. "ಟ್ಯೂಬಿಗೆ ಪ್ಯಾಚು ಹಾಕಿ ಹಾಕಿ ಕೈ ಪಳಗೇತ್ರಿ ಮೇಷ್ಟ್ರೆ" ಎಂದ, ಸುಳ್ಳಲ್ಲ, ಪಳಗಿತ್ತು. ಅವನು ಬೆಸೆದ ಹಲಗೆ ಉಗುರಿನ ದಪ್ಪದಷ್ಟು ಓರೆಯಾಗಿದೆಯೆಂದು ನಾನು ಅಳತೆಪಟ್ಟಿ ಇಟ್ಟು ತೋರಿಸಿದೆ. ಮರುದಿನವೂ ತೋರಿಸಿದೆ. ಮೂರನೆಯ ವಾರ ಅವನು ಕೈಗವಸನ್ನು ಕಳಚಿಟ್ಟು, "ಇದು ಡೀಸೆಲ್ ಟ್ಯಾಂಕೋ, ವಧುಪರೀಕ್ಷೆಗೆ ಕುಂತ ಹುಡುಗಿಯೋ? ಇಷ್ಟು ನೋಡ್ತೀರಲ್ರಿ!" ಎಂದು ಹೊರಟುಹೋದ. ಅನಂತರ ಶಿವಮೊಗ್ಗದ ಕಾರ್ಖಾನೆಯಲ್ಲಿ ದುಡಿದು ಬಂದಿದ್ದ ಒಬ್ಬರನ್ನು ಕರೆತಂದೆವು. ಅವರಿಗೆ ವೇಗ ಹೆಚ್ಚೆಂದು ಹೇಳಿ ಕಳುಹಿಸಿಬಿಟ್ಟೆ.

ನಾನು ಪರೀಕ್ಷಿಸಲು ಟ್ಯಾಂಕನ್ನು ಕೈಗೆತ್ತಿಕೊಂಡಾಗಲೆಲ್ಲ ಅವಳು ಕಾದ ತಗಡಿನ ಬಳಿಯಿಂದಲೇ, "ಸಿಕ್ತಾ ತಪ್ಪು?" ಎಂದು ಕೇಳುವಳು.

ಸಿಗುತ್ತಿತ್ತು. ನಾನು ಕಂಡ ತಪ್ಪುಗಳು ಕಲ್ಪಿತವಾಗಿರಲಿಲ್ಲ. ಅಂಥವು ಅವಳ ಕೈಯ ಟ್ಯಾಂಕುಗಳಲ್ಲಿಯೂ ಇರುತ್ತಿದ್ದವು. ಅವುಗಳನ್ನು ನಾನು ಲಾರಿಗೆ ಏರಿಸುತ್ತಿದ್ದೆ.

ಬೇಸಗೆಯಲ್ಲಿ ಬಳ್ಳಿಗಾವಿಯ ಒಬ್ಬ ಹೆಂಗಸು ಬಂದರು. ಮಂಡಕ್ಕಿ ಭಟ್ಟಿಯಲ್ಲಿ ವರ್ಷಾನುಗಟ್ಟಲೆ ಹುರಿದವರು. ಭಟ್ಟಿ ನಿಂತುಹೋದದ್ದರಿಂದ ಕೆಲಸ ಹುಡುಕುತ್ತಿದ್ದರು. ಬಿಸಿಗೆ ಅಂಜುವವರಲ್ಲ, ನನ್ನ ಮಾತಿಗೂ ಅಂಜುವವರಲ್ಲ. ಹಲಗೆ ಓರೆಯೆಂದರೆ, "ಓರೆ ಇದ್ರ ಇರ್ಲಿ ಬಿಡ್ರಿ ಮೇಷ್ಟ್ರೆ, ನನ್ನ ಗಂಡನ ಹಲ್ಲೂ ಓರೆ ಅದಾವು, ರೊಟ್ಟಿ ತಿನ್ನಾಕತ್ಯಾನಲ್ಲ" ಎನ್ನುವರು. ನನ್ನ ಹೆಂಡತಿ ನಕ್ಕಳು. ಆ ಶೆಡ್ಡಿನಲ್ಲಿ ಅವಳ ನಗುವನ್ನು ಕೇಳದೆ ಬಹಳ ಕಾಲವಾಗಿತ್ತು. ಅದು ನಾನು ಹೇಳಿದ ಮಾತಿಗೆ ಬಂದ ನಗುವಲ್ಲವೆಂಬುದನ್ನೂ ಗಮನಿಸಿದೆ.

ಮಳೆ ಹಿಡಿದ ಮೇಲೆ ಒತ್ತುವ ಜಾಗದಲ್ಲಿ ಆ ಹೆಂಗಸು ನಿಂತರು, ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಕಲಿಸಿದಳು. ಗೋಡೆಯಾಚೆಯಿಂದ ಬರುತ್ತಿದ್ದ ಬಲ ಬೇರೆಯದಾಯಿತು. ಟ್ಯಾಂಕುಗಳನ್ನು ಕುಲುಕಿದರೆ ಸದ್ದಿಲ್ಲ. "ಇನ್ನೂ ಸ್ವಲ್ಪ ಕಾಲ ಬೇಕು" ಎಂದೆ. ಆಷಾಢ ಕಳೆಯಿತು. "ಇನ್ನೂ ಬೇಕು" ಎಂದೆ. ಒಂದು ದಿನ ಬಳ್ಳಿಗಾವಿಯವರು ಬುತ್ತಿ ಬಿಚ್ಚುತ್ತ, ಅವಳು ಕೈ ತೊಳೆಯಲು ಹೋಗಿದ್ದಾಗ, ನನಗಷ್ಟೇ ಕೇಳುವಂತೆ ಹೇಳಿದರು: "ನಂಗೆ ಈ ಕೆಲಸ ಪೂರಾ ಬಂದೈತ್ರಿ ಮೇಷ್ಟ್ರೆ. ಅಕ್ಕಾರಿಗೂ ಗೊತ್ತೈತಿ, ನಿಮಗೂ ಗೊತ್ತೈತಿ. ಆ ಹೆಣ್ಮಗಳು ದಿನಾ ತೊಯ್ಸ್ಕೊಂಡು ಬರ್ತಾಳ. ಎಷ್ಟು ದಿನಾಂತ ತಿರುಗಾಡಸ್ತೀರಿ?" ಅಂದು ಸಂಜೆ ಬಸ್ಸು ಹೊರಟ ಮೇಲೆಯೂ ಬಹಳ ಹೊತ್ತು ಶೆಡ್ಡಿಗೆ ಬೀಗ ಹಾಕಲಾಗಲಿಲ್ಲ.

ಮತ್ತೆ ಕೆಲವು ವಾರಗಳ ಮೇಲೆ, ಆ ಹೆಂಗಸು ಬೆಸೆದ ಟ್ಯಾಂಕೊಂದನ್ನು ಗರಗಸದಿಂದ ಎರಡಾಗಿ ಕೊಯ್ದೆ. ಹಲಗೆಯನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಬೆಸುಗೆ ಬಿಡಲಿಲ್ಲ, ಗೋಡೆಯೇ ಹರಿಯಿತು. ಬೆಸುಗೆಯ ಅಂಚಿನಲ್ಲಿ ಎಳ್ಳುಕಾಳಿನಷ್ಟು ಒಂದು ಗುಳ್ಳೆಯಿತ್ತು. ಅದರ ಮೇಲೆ ಬೆರಳಿಟ್ಟೆ.

ಅವಳು ಹತ್ತಿರ ಬಂದು ನಿಂತಳು. ಸೆರಗಿನ ತುದಿ ಇನ್ನೂ ಒದ್ದೆಯಾಗಿತ್ತು. "ಇವತ್ತೂ ಇಲ್ವಾ?" ಎಂದಳು. ಅದರಲ್ಲಿ ಎಂದಿನ ಕುಚೋದ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ದಣಿದವರು ಬಸ್ಸು ಬರುತ್ತದೆಯೇ ಎಂದು ಕೇಳುವ ಹಾಗೆ ಕೇಳಿದಳು. ಅವಳನ್ನು ಇಷ್ಟು ದಿನ ಇಲ್ಲಿ ಹಿಡಿದಿಟ್ಟದ್ದು ಅವಳ ಮಾತು. ಅದನ್ನು ಅವಳು ಮುರಿಯುವವಳಲ್ಲ. ನಾನು ಇಲ್ಲವೆಂದರೆ ನಾಳೆಯೂ ಬರುತ್ತಾಳೆ, ಮುಂದಿನ ವರ್ಷವೂ ಬರುತ್ತಾಳೆ, ಹೀಗೆಯೇ.

"ಸರಿಯಾಗಿದೆ. ಅವರು ಕಲಿತಿದ್ದಾರೆ" ಎಂದೆ.

ಅವಳು ತಲೆಯಾಡಿಸಿದಳು. ಕೈಗವಸನ್ನು ಕಳಚಿ ಬಳ್ಳಿಗಾವಿಯವರ ಕೈಗಿತ್ತಳು. ನಾನು ಅಲ್ಲಿಯೇ ಇದ್ದೇನೆಂಬುದನ್ನು ಲೆಕ್ಕಿಸದೆ, ಯಂತ್ರದ ಗುಣವೊಂದನ್ನು ತಿಳಿಸುವವಳಂತೆ ಹೇಳಿದಳು: "ಇವ್ರದ್ದು ಎಡಗೈ ಯಾವಾಗ್ಲೂ ಜೋರು. ಗೊತ್ತಾಗದಿಲ್ಲ ಅವ್ರಿಗೆ. ನಾ ತೋರಿಸ್ಕೊಟ್ಟ ಹಾಗೆ ಆ ಕಡೆ ನೀನು ಬಲ ಜಾಸ್ತಿ ಕೊಡ್ತಾ ಇರು, ಗೋಡೆ ಸಮ ನಿಲ್ತದೆ. ನಾ ಮೊದಲಿಂದ ಹಾಂಗೇ ಮಾಡ್ತಿದ್ದೆ."

"ಹೇಳಿದ್ರೆ ತಿದ್ಕೊಳ್ತಿದ್ರಲ್ಲವಾ ಮೇಷ್ಟ್ರು?" ಎಂದರು ಅವರು.

"ತಿದ್ದೋದು ನಂಗೆ ಬರದಿಲ್ಲ ಮಾರಾಯ್ತಿ" ಎಂದು ಅವಳು ಚೀಲವನ್ನು ಹೆಗಲಿಗೇರಿಸಿಕೊಂಡಳು.

ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದವನು ನಾನೇ. ಹತ್ತುವಾಗ ಅವಳು, "ಹೊತ್ತಿಗೆ ಸರಿಯಾಗಿ ಉಣ್ಣಿ" ಎಂದಳು; ನಾನು "ಆಗಲಿ" ಎಂದೆ. ಶೆಡ್ಡಿಗೆ ಮರಳಿ ದಿಮ್ಮಿಯನ್ನು ಹಿಡಿದೆ. ಹಾಳೆ ಕಾದಿತ್ತು, ಅದು ಯಾರಿಗಾಗಿಯೂ ಕಾಯುವುದಿಲ್ಲ. ಎಡಗೈಯನ್ನು ಸಡಿಲಿಸಲು ನೋಡಿದೆ. ಗೋಡೆ ಒಂದು ಕಡೆ ಕುಸಿದು ಆ ಟ್ಯಾಂಕು ಕೆಟ್ಟಿತು. "ಮೊದಲಿನಂಗೇ ಹಿಡೀರಿ ಮೇಷ್ಟ್ರೆ, ನಾ ನೋಡ್ಕೋತೀನಿ" ಎಂದರು ಬಳ್ಳಿಗಾವಿಯವರು. ಮೊದಲಿನ ಹಾಗೆಯೇ ಹಿಡಿದೆ. ಅದು ೨೦೨೨ನೆಯ ಇಸವಿಯ ಸೆಪ್ಟೆಂಬರ್ ೧೪, ಬುಧವಾರ.