ಹಿಟ್ಟು ಕೊಟ್ಟವರ ಮಾತು

ಹೋದ ವಾರ ಸೊಸೆ ಅಂಗಡಿಯಿಂದ ಮೆಕ್ಕೆಜೋಳದ ರವೆ ತಂದಿದ್ದಳು. ಆರೋಗ್ಯಕ್ಕೆ ಒಳ್ಳೆಯದಂತೆ. ಬೆಳಿಗ್ಗೆ ಉಪ್ಪಿಟ್ಟಿಗೆಂದು ಅದನ್ನು ಹುರಿಯತೊಡಗಿದಾಗ ನಾನು ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದೆ. ವಾಸನೆ ಬಂದದ್ದೇ ತಡ, ಓದುತ್ತಿದ್ದ ಸಾಲು ತಪ್ಪಿಹೋಯಿತು. ಸ್ವಲ್ಪ ಸಿಹಿ, ಸ್ವಲ್ಪ ಕಮಟು, ಹಳೆಯ ಚೀಲದ ಧೂಳು ಬೆರೆತಂಥ ವಾಸನೆ... ನಲವತ್ತು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುವ ಮುಂಚೆಯೇ ಈ ವಾಸನೆ ಏಳುತ್ತಿತ್ತು, ಮಕ್ಕಳ ಕಣ್ಣುಗಳು ಹಲಗೆಯಿಂದ ಬಾಗಿಲಿನ ಕಡೆ ಹೊರಳುತ್ತಿದ್ದವು. ಎರಡು ತುತ್ತು ತಿಂದು ಎದ್ದೆ. "ಸೇರಲಿಲ್ಲೇನ್ರಿ ಅತ್ತಿ?" ಎಂದು ಸೊಸೆ ಕೇಳಿದಳು. ಹಸಿವಿಲ್ಲ ಎಂದೆ.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡು ವಯಸ್ಸು. ಕುಂದಗೋಳದಿಂದ ಒಳಗೆ, ಎರೆಹೊಲಗಳ ನಡುವೆ ಬಸ್ಸು ಹೋಗಿ ಹೊರಳಿ ಬರುವ ಒಂದು ಊರಿನ ಪ್ರಾಥಮಿಕ ಶಾಲೆಗೆ ನನ್ನನ್ನು ಹಾಕಿದ್ದರು. ಶಾಲೆಗೆ ಇದ್ದವರು ಇಬ್ಬರೇ, ಹೆಡ್‌ಮಾಸ್ತರು ಮತ್ತು ನಾನು. ಹೆಡ್‌ಮಾಸ್ತರು ನವಲಗುಂದದ ಮುಸಲ್ಮಾನರು. ಅವರ ತಾಯಿ, ಅಜ್ಜಿ ಎಲ್ಲರೂ ಮನೆಯಲ್ಲೇ ಮಗ್ಗ ಹೂಡಿ ಜಮಖಾನೆ ನೇಯ್ದವರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಊರಿಗೆ ಹೋಗುವರು, ಸೋಮವಾರ ಮೊದಲ ಬಸ್ಸಿಗೆ ಬರುವರು. ಉಳಿದ ದಿನ ಶಾಲೆಯ ಆಫೀಸು ಕೋಣೆಯೇ ಮನೆ. ಒಂದು ಸ್ಟೋವ್, ಒಂದು ಟ್ರಂಕು, ಒಂದು ರೇಡಿಯೊ ಅಷ್ಟೇ ಅವರ ಸಂಸಾರ.

ಬೆಳಿಗ್ಗೆ ಎದ್ದು ಆ ರೇಡಿಯೊದ ಕಿವಿ ಹಿಂಡಿ ಹಿಂಡಿ ಅಮೆರಿಕದ ಇಂಗ್ಲಿಷ್ ಸುದ್ದಿ ಹಿಡಿಯುತ್ತಿದ್ದರು. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುವಷ್ಟರಲ್ಲಿ ಅದನ್ನೆಲ್ಲ ನನಗೆ ಒಪ್ಪಿಸಿಬಿಡುತ್ತಿದ್ದರು. ಮಾತು ಶುರುವಾಯಿತೆಂದರೆ ಗಂಟೆ ಹೊಡೆಸುವುದೂ ನೆನಪಿರುತ್ತಿರಲಿಲ್ಲ. ಊರಿನವರಿಗೆ ಅದೊಂದು ತಮಾಷೆ. "ಮಾಸ್ತರ, ನಿಮ್ಮ ಅಮೆರಿಕಾದಾಗ ಮಳಿ ಆತೇನ್ರಿ?" ಎಂದು ಯಾರಾದರೂ ಕೆಣಕಿದರೆ, "ಆಗೇತ್ರಿ, ಆದ್ರ ಸಾವ್ಕಾರ್ರ ಓಣ್ಯಾಗಷ್ಟ" ಎನ್ನುವರು.

ಆ ದೇಶವನ್ನು ಅವರು ಒಂದು ಕಾಲಕ್ಕೆ ತುಂಬ ಪ್ರೀತಿಸಿದ್ದರು. ಮುದುಕರಿಗೆ ಪಿಂಚಣಿ, ಕರಿಯರಿಗೆ ಮತದ ಹಕ್ಕು, ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ, ಒಂದೊಂದನ್ನೂ ಅಲ್ಲಿಯ ಜನ ಹೇಗೆ ಜಗಳಾಡಿ ಪಡೆದರು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅಲ್ಲಿ ಈಗ ಬಂದ ಹೊಸ ಸರಕಾರ ಅದನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿದೆ ಎಂಬುದು ಅವರ ಸಂಕಟ. ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಮನೆಯವರೇ ಯಾರೋ ಹಾದಿ ತಪ್ಪಿದಾಗ ಹೇಳುವಂತೆ, ದಣಿದು ಹೇಳುವರು.

"ತಮ್ಮನ್ನ ಸಂಪ್ರದಾಯಸ್ಥರು ಅಂತ ಕರಕೋತಾರ ಅಕ್ಕೋರ. ಸಂಪ್ರದಾಯ ಅಂದ್ರ ಏನು ಅಂತ ನಮ್ಮವ್ವನ್ನ ಕೇಳಬೇಕು. ಜಮಖಾನಿ ಅಂಚು ಬಿಚ್ಚಿದ್ರ ಕುಂತು ಕಟ್ಟತಿದ್ಲು. ಇವರು ಬಿಚ್ಚಿದ ದಾರ ಹಿಡದು ಎಳಿಯಾಕತ್ತಾರ. ಹಿಂದಿನ ಕಾಲ ಛಲೋ ಇತ್ತು ಅಂತಾರ. ಯಾರಿಗ್ರಿ ಛಲೋ ಇತ್ತು? ಕರಿಯರನ್ನ ಬಸ್ಸಿನ ಹಿಂದಿನ ಸೀಟಿನ್ಯಾಗ ಕುಂದರಸತಿದ್ರಲ್ಲ, ಅವರಿಗೇನು? ಸರಕಾರ ಕೈ ಕಟಗೊಂಡು ಕುಂದರಬೇಕಂತ. ಬಾಂಬು ಮಾಡಾಕಷ್ಟ ಕೈ ಬಿಚ್ಚಬೇಕಂತ. ಸಾಲ್ಯಾಗ ಹುಡುಗೂರು ಪ್ರಾರ್ಥನಾ ಮಾಡಬೇಕು ಅನ್ನಾಕ ಸರಕಾರ ಬೇಕು, ಅದ ಹುಡುಗೂರಿಗೆ ಉಣಸಾಕ ಬ್ಯಾಡ."

ನನಗೆ ಇದೆಲ್ಲ ಅತಿ ಎನಿಸುತ್ತಿತ್ತು. ಯಾರ ಹಂಗೂ ಇಲ್ಲದೆ ಓದಿ ನೌಕರಿ ಹಿಡಿದವಳು ಎಂಬ ಸೊಕ್ಕು ನನ್ನದು. ಓದಿದ್ದು ಸರಕಾರಿ ಶಾಲೆಯಲ್ಲಿ, ಟ್ರೇನಿಂಗು ಮುಗಿಸಿದ್ದು ಸರಕಾರದ ಸ್ಟೈಪೆಂಡಿನ ಮೇಲೆ. ಅದು ಮಾತ್ರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮಕ್ಕಳಿಗೆ ಮಧ್ಯಾಹ್ನ ಕೊಡುತ್ತಿದ್ದ ಉಪ್ಪಿಟ್ಟಿನ ಹಳದಿ ಮೆಕ್ಕೆಜೋಳದ ಹಿಟ್ಟು ಆ ಅಮೆರಿಕದಿಂದಲೇ ದಾನವಾಗಿ ಬರುತ್ತಿತ್ತು. ಚೀಲದ ಮೇಲೆ ಇಂಗ್ಲಿಷ್ ಅಕ್ಷರ, ಜೊತೆಗೆ ಅಡುಗೆಯ ಎಣ್ಣೆಯ ಡಬ್ಬಿ. ಊರಿನ ಒಬ್ಬ ಮುದುಕಿ ಬೇಯಿಸುವಳು. ಹೆಡ್‌ಮಾಸ್ತರು ಗೌಡರ ಮಗ, ಕೂಲಿಯವರ ಮಗ ಎಂದು ನೋಡದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಿದ್ದರು. ಉಳ್ಳವರ ಮನೆಯ ಹುಡುಗರು ಅರ್ಧ ತಿಂದು ಅರ್ಧ ನಾಯಿಗೆ ಹಾಕುವುದೂ ಇತ್ತು. ಅದು ಸುಳ್ಳಲ್ಲ, ನಾನೇ ಕಂಡಿದ್ದೆ. ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ನಾನಿದ್ದದ್ದು ಪಂಚಾಯ್ತಿ ಚೇರಮನ್ನರ ಮನೆಯಲ್ಲಿ. ಅವರು ದೊಡ್ಡ ಹೊಲದವರು, ಶಾಲೆಯ ಕಮಿಟಿಗೂ ಅವರೇ ಮುಖ್ಯರು. ಒಬ್ಬಳೇ ಹೆಣ್ಣುಮಗಳು ಎಲ್ಲಿ ಇರುತ್ತೀ ಎಂದು ತಾವಾಗಿಯೇ ಕೋಣೆ ಬಿಟ್ಟುಕೊಟ್ಟಿದ್ದರು. ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ಕೆಟ್ಟವರಲ್ಲ. ಬಾಗಿಲಿಗೆ ಬಂದು ಕೇಳಿದವರನ್ನು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ನೋಡಲಿಲ್ಲ. ಆ ಮನೆಯಲ್ಲಿ ಎರಡು ಹೊತ್ತು ನಾನು ಪುಕ್ಕಟೆ ಉಣ್ಣುತ್ತಿದ್ದೆ. ಅದರಿಂದ ನಾನು ಮೈಗಳ್ಳಿಯಾದೇನು ಎಂದು ಅವರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಹೆಡ್‌ಮಾಸ್ತರ ಹೆಸರಿಗೆ ಅಮೆರಿಕದಿಂದ ಒಂದು ಇಂಗ್ಲಿಷ್ ಪತ್ರಿಕೆ ಬಿಟ್ಟಿ ಬರುತ್ತಿತ್ತು. ನುಣ್ಣನೆಯ ಹಾಳೆ, ಬಣ್ಣದ ಚಿತ್ರ. ಓದಿ ಮುಗಿಸಿ ನನಗೆ ಕೊಡುವರು. ಒಂದು ಸಂಜೆ ಕಾಕಾ ಪಡಸಾಲೆಯಲ್ಲಿ ಕೂತಿದ್ದಾಗ, ನನ್ನ ಇಂಗ್ಲಿಷ್ ತೋರಿಸಿಕೊಳ್ಳಬೇಕೆಂಬ ಚಪಲಕ್ಕೆ, ಅದರ ಒಂದು ಲೇಖನವನ್ನು ಕನ್ನಡದಲ್ಲಿ ಓದಿ ಹೇಳಿದೆ. ಪುಕ್ಕಟೆ ಕೊಟ್ಟರೆ ಜನ ದುಡಿಯುವುದನ್ನು ಮರೆಯುತ್ತಾರೆ, ಶಾಲೆಯ ಊಟವೂ ನಿಜವಾಗಿ ಬಡವರಾದವರಿಗಷ್ಟೇ ಸಿಗಬೇಕು, ಉಳಿದದ್ದನ್ನು ಊರಿನ ದೊಡ್ಡಮನಸ್ಸಿನವರು ನೋಡಿಕೊಳ್ಳುತ್ತಾರೆ ಎಂದು ಅಲ್ಲಿಯ ಯಾರೋ ಪ್ರೊಫೆಸರರು ಬರೆದಿದ್ದರು. ಕಾಕಾ ಅಡಕಿ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು.

"ಇನ್ನೊಮ್ಮೆ ಓದು ತಂಗಿ" ಎಂದರು. ಓದಿದೆ. "ನೋಡು, ಹಿಟ್ಟು ಕೊಡೋರ ಹಿಂಗ ಅಂತಾರ! ನಮ್ಮ ಮಾಸ್ತರದೇನು ನಡುವ?"

ಮರುವಾರ ಕಮಿಟಿ ಕೂಡಿತು. ಇನ್ನು ಮುಂದೆ ಬಡವರ ಪಟ್ಟಿ ಮಾಡಬೇಕು, ತಂದೆಯೋ ತಾಯಿಯೋ ಶಾಲೆಗೆ ಬಂದು, ನಮಗೆ ಇಲ್ಲ ಎಂದು ಹೇಳಿ, ಹೆಬ್ಬೆಟ್ಟು ಒತ್ತಬೇಕು, ಅಂಥವರ ಮಕ್ಕಳಿಗಷ್ಟೇ ಉಪ್ಪಿಟ್ಟು ಎಂದು ಠರಾವು ಆಯಿತು. ಹೆಡ್‌ಮಾಸ್ತರು ಒಬ್ಬರೇ ಬೇಡ ಎಂದರು. ಕಾಕಾ ನಗುತ್ತಲೇ, "ಕೇಳಿದವರಿಗೆ ನಾ ಎಂದಾದ್ರೂ ಇಲ್ಲ ಅಂದೇನೇನ್ರಿ ಮಾಸ್ತರ?" ಎಂದರು.

"ಇಲ್ರಿ. ಆದ್ರ ಕೇಳಬೇಕಲ್ರಿ..." ಎಂದರು ಹೆಡ್‌ಮಾಸ್ತರು. ಲೇಖನ ಓದಿ ಹೇಳಿದ್ದು ನಾನು ಎಂಬುದು ಅವರಿಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. ಆದರೂ ಪತ್ರಿಕೆ ಕೊಡುವುದನ್ನೂ ನಿಲ್ಲಿಸಲಿಲ್ಲ.

ಪಟ್ಟಿ ಬರೆದವಳು ನಾನು. ನನ್ನ ಅಕ್ಷರ ಚಂದ ಎಂದು ಎಲ್ಲರೂ ಹೊಗಳುತ್ತಿದ್ದರು. ದುಂಡಗೆ ಬರೆದು ಗೋಡೆಗೆ ಅಂಟಿಸಿದೆ.

ನಾಲ್ಕನೆಯ ಇಯತ್ತೆಯಲ್ಲಿ ಊರಿನ ಅಯ್ಯನವರ, ಅಂದರೆ ಜಂಗಮರ, ಮನೆಯ ಒಂದು ಹುಡುಗಿ ಇದ್ದಳು. ಮದುವೆ, ಮನೆ ಹೊಗುವುದು, ಯಾವ ಶುಭಕಾರ್ಯವಾದರೂ ಆ ಮನೆಯವರನ್ನು ಕರೆದು ಪಾದಕ್ಕೆ ನೀರು ಹಾಕಿ ಪೂಜೆ ಮಾಡುವುದು ರೂಢಿ. ಕಾಕಾ ಕೂಡ ಆ ಹುಡುಗಿಯ ಅಜ್ಜನ ಕಾಲಿಗೆ ಬೀಳುವರು. ತಂದೆ ತೀರಿಕೊಂಡಿದ್ದ. ಅಜ್ಜ ಹಾಸಿಗೆ ಹಿಡಿದ ಮೇಲೆ ಜೋಳಿಗೆಗೆ ಬೀಳುತ್ತಿದ್ದ ಕಾಳೂ ನಿಂತಿತ್ತು. ಜೋಳಿಗೆ ಹಿಡಿದು ಬಂದರೆ ಜನ ಕೈಮುಗಿದು ನೀಡುತ್ತಾರೆ, ಅದು ಧರ್ಮ. ಆದರೆ ತನ್ನ ಮನೆಯವರ ಕಾಲಿಗೆ ಬೀಳುವವರ ಎದುರು ನಿಂತು, ನಾನು ಬಡವಿ ಎಂದು ಹೆಬ್ಬೆಟ್ಟು ಒತ್ತುವುದು ಆ ತಾಯಿಯಿಂದ ಹೇಗಾದೀತು? ಅವಳು ಬರಲಿಲ್ಲ. ಹುಡುಗಿಯ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಅವರಿಗೆ ಬೇಕಾಗಿಲ್ಲ ಎಂದೇ ನಾನು ತಿಳಿದೆ. ಮಧ್ಯಾಹ್ನ ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆ, "ಮನ್ಯಾಗ ಉಂಡ ಬರ್ತೇನ್ರಿ ಅಕ್ಕೋರ" ಎನ್ನುತ್ತಿದ್ದಳು. ಗಂಟೆ ಹೊಡೆಯುತ್ತಲೇ ಬಾಯಿ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದಳು.

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಹೆಡ್‌ಮಾಸ್ತರು, "ಬರ್ರಿ ಅಕ್ಕೋರ, ಬೋರಿಂಗಿನ ಕಡೆ ಹೋಗಿ ಬರೂಣು" ಎಂದರು. ಊರಾಚೆ ಕೈಪಂಪು ಇತ್ತು. ಗುಡಿಯ ಗೋಡೆಯ ಮರೆಗೆ ನಿಂತೆವು. ಆ ಹುಡುಗಿ ಒಂದು ಕೈಯಿಂದ ಪಂಪು ಒತ್ತುತ್ತ, ಇನ್ನೊಂದು ಕೈಯಿಂದ ನೀರು ಕುಡಿಯುತ್ತಿದ್ದಳು. ಬಹಳ ಹೊತ್ತು ಕುಡಿದಳು. ಆಮೇಲೆ ಬೇವಿನ ಗಿಡದ ನೆರಳಿಗೆ ಹೋಗಿ ಸುಮ್ಮನೆ ಕೂತಳು. ಮನೆಯ ಕಡೆ ಹೋಗಲೇ ಇಲ್ಲ. ಶಾಲೆಯ ಗಂಟೆ ಕೇಳಿದಾಗ ಎದ್ದು, ಲಂಗದ ಅಂಚಿನಿಂದ ಬಾಯಿ ಒರೆಸಿಕೊಂಡು ಓಡಿದಳು...

ನಾನು ಅಲ್ಲೇ ಅತ್ತುಬಿಟ್ಟೆ. ಹೆಡ್‌ಮಾಸ್ತರು ಸಮಾಧಾನ ಹೇಳಲಿಲ್ಲ, ಬಯ್ಯಲೂ ಇಲ್ಲ. "ಅವರ ದೇಶದಾಗೂ ಹಿಂಗ ಒಬ್ಬಾಕಿ ನೀರು ಕುಡಿಯಾಕತ್ತಿರತಾಳ್ರಿ. ಆ ಲೇಖನ ಬರದಾವಗ ಕಾಣಸಂಗಿಲ್ಲ" ಎಂದರು.

ಮರುದಿನದಿಂದ ಅವರು ಪಟ್ಟಿಯ ಕಡೆ ನೋಡಲಿಲ್ಲ. ಮೊದಲಿನಂತೆ ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸಿದರು. ಹುಡುಗಿ ನಡುವೆಲ್ಲೋ ಕೂತು ತಲೆ ಎತ್ತದೆ ತಿಂದಳು. ಒಂದು ತಿಂಗಳು ಹೀಗೆ ನಡೆಯಿತು. ಯಾರೋ ಕಾಕಾನ ಕಿವಿಗೆ ಹಾಕಿದರು. ಕಾಕಾ ಶಿಕ್ಷಣ ಇಲಾಖೆಗೆ ದೂರಿನ ಅರ್ಜಿ ಕೊಟ್ಟರು. ಕುಂದಗೋಳದಿಂದ ಸಾಹೇಬರು ವಿಚಾರಣೆಗೆ ಬಂದರು.

ಆಫೀಸು ಕೋಣೆಯಲ್ಲಿ ಸಾಹೇಬರು, ಪಕ್ಕದಲ್ಲಿ ಕಾಕಾ, ಎದುರಿಗೆ ನಿಂತ ಹೆಡ್‌ಮಾಸ್ತರು. ಪಟ್ಟಿ ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಅವರು, "ಹಸದವರಿಗೆ ಕೊಟ್ಟೇನ್ರಿ ಸಾಹೇಬ್ರ" ಎಂದಷ್ಟೇ ಹೇಳಿದರು. ಹುಡುಗಿಯ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗಿ, ಆ ತಾಯಿ ಮುಖ ಎತ್ತಿ ತಿರುಗುವಂತಿರಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. "ಪಟ್ಟಿ ಪ್ರಕಾರ ಕೊಡ್ತಾರೇನ್ರಿ ಅಕ್ಕೋರ?"

"ಇಲ್ರಿ" ಎಂದೆ.

ಹೆಡ್‌ಮಾಸ್ತರು ನನ್ನನ್ನು ನೋಡಿದರು. ಮುಂದೆ ಇನ್ನೊಂದು ಮಾತು ಬರುತ್ತದೆಂದು ಕಾದಿರಬೇಕು. ಹೆಸರು ಹೇಳದೆಯೂ ಹೇಳಬಹುದಿತ್ತು. ಪಟ್ಟಿ ಬರೆದವಳೇ ನಾನು, ಅದು ತಪ್ಪು ಪಟ್ಟಿ, ಹಸಿದವರು ಅದರಲ್ಲಿಲ್ಲ ಎನ್ನಬಹುದಿತ್ತು. ಸಾಹೇಬರನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದಾಗಲಾದರೂ ಒಬ್ಬಳೇ ಹೇಳಬಹುದಿತ್ತು. ಕಾಕಾನ ಮನೆಯ ಊಟ, ಕಾಕಾನ ಮನೆಯ ಕೋಣೆ... ನಾಲಿಗೆ ಏಳಲಿಲ್ಲ.

ಹೆಡ್‌ಮಾಸ್ತರಿಗೆ ಅಳ್ನಾವರದ ಕಡೆ ವರ್ಗವಾಯಿತು. ಅಡವಿಯಂಚಿನ ಒಂದು ಶಾಲೆ. ನವಲಗುಂದಕ್ಕೆ ವಾರವಾರ ಹೋಗಿಬರುವುದು ಇನ್ನು ಸಾಧ್ಯವಿರಲಿಲ್ಲ. ಟ್ರಂಕು, ಸ್ಟೋವ್, ರೇಡಿಯೊ ಹಿಡಿದು ಬಸ್ಸಿಗೆ ನಿಂತಾಗ ನಾನು ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದೆ. "ನೀವು ಸುಳ್ಳೇನ ಹೇಳಿಲ್ಲಲ್ರಿ ಅಕ್ಕೋರ" ಎಂದರು. ಕುಹಕವಿರಲಿಲ್ಲ. ಅದಕ್ಕೇ ಇವತ್ತಿಗೂ ನೋಯುತ್ತದೆ.

ಪಟ್ಟಿ ಮತ್ತೆ ಜಾರಿಗೆ ಬಂತು. ಹುಡುಗಿ ಎರಡು ತಿಂಗಳು ಬೋರಿಂಗಿನ ನೀರು ಕುಡಿದು ಶಾಲೆಗೆ ಬಂದಳು. ನಾನು ಗುಟ್ಟಾಗಿ ರೊಟ್ಟಿ ಕೊಡಲು ಹೋದರೆ, "ಉಂಡೇನ್ರಿ" ಎಂದು ಕೈ ಹಿಂದೆ ಕಟ್ಟಿಕೊಂಡಳು. ಆಮೇಲೆ ಬರುವುದನ್ನೇ ಬಿಟ್ಟಳು. ತಾಯಿ ಅವಳನ್ನು ದೂರದ ಯಾವುದೋ ಊರಿನ ನೆಂಟರ ಮನೆಗೆ ಕೆಲಸಕ್ಕೆ ಕಳಿಸಿದಳೆಂದು ಕೇಳಿದೆ. ಮರುವರ್ಷ ಹಿಟ್ಟಿನ ಚೀಲ ಬರುವುದೇ ನಿಂತುಹೋಯಿತು. ಪಟ್ಟಿಯಲ್ಲಿದ್ದವರಿಗೂ ಸಿಗದಾಯಿತು.

ಹೆಡ್‌ಮಾಸ್ತರಿಂದ ಒಂದು ಕಾರ್ಡು ಬಂದಿತ್ತು. ತಮ್ಮ ಕಷ್ಟ ಸುಖ ಏನೂ ಬರೆದಿರಲಿಲ್ಲ. "ಅಯ್ಯನವರ ಮನೆಯ ಮಗು ಶಾಲೆಗೆ ಬರುತ್ತಿದೆಯೇ? ತಿಳಿಸಬೇಕು" ಎಂದಿಷ್ಟೇ ಇತ್ತು. ಆಗ ಹುಡುಗಿ ಶಾಲೆ ಬಿಟ್ಟು ಇಪ್ಪತ್ತು ದಿನವಾಗಿತ್ತು. ಉತ್ತರ ಬರೆಯಲು ಎಷ್ಟು ಸಲ ಕೂತೆನೋ. ಕೊನೆಗೂ ಬರೆಯಲಿಲ್ಲ. ನನಗೂ ವರ್ಗವಾಯಿತು, ಮದುವೆಯಾಯಿತು, ಹುಬ್ಬಳ್ಳಿಯಲ್ಲಿ ಮನೆಯಾಯಿತು, ರಿಟೈರೂ ಆದೆ.

ಅಂದು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೇಳಿದ ಮಾತನ್ನು ಈಗ ಯಾರೂ ಅನುವಾದ ಮಾಡಬೇಕಾಗಿಲ್ಲ. ಟಿವಿಯಲ್ಲಿ, ಮೊಬೈಲಿನಲ್ಲಿ, ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಅದೇ ಮಾತು ಅಚ್ಚಗನ್ನಡದಲ್ಲೇ ಕೇಳುತ್ತದೆ. ಪುಕ್ಕಟೆ ಕೊಟ್ಟು ಜನರನ್ನು ಕೆಡಿಸಿದರು ಎನ್ನುತ್ತಾರೆ, ಮೃಷ್ಟಾನ್ನ ಉಂಡು ಕೈ ತೊಳೆಯುತ್ತ. ಮೊದಲು ವಾದ ಮಾಡುತ್ತಿದ್ದೆ. ಈಗ ಎದ್ದು ಒಳಗೆ ಹೋಗುತ್ತೇನೆ.

ಉಪ್ಪಿಟ್ಟಿನ ವಾಸನೆ ಬಂದ ಮೂರನೆಯ ದಿನ, ಮನಸ್ಸು ತಡೆಯದೆ, ಅಳ್ನಾವರಕ್ಕೆ ಹೋದೆ. ವಿಚಾರಿಸುತ್ತ ಹೋದರೆ ಸ್ಟೇಶನ್ನಿನ ಹತ್ತಿರ ಅವರ ಮಗನ ಪುಸ್ತಕ-ಪೆನ್ನಿನ ಅಂಗಡಿ ಸಿಕ್ಕಿತು. ಹೆಡ್‌ಮಾಸ್ತರು ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದೆ. ಮಗ ಎದ್ದು ನಿಂತು ಕುರ್ಚಿ ಕೊಟ್ಟ.

"ನಮ್ಮ ಅಬ್ಬಾ ನಿಮ್ಮ ಸುದ್ದಿ ಭಾಳ ಹೇಳ್ತಿದ್ರು ಅಕ್ಕೋರ. ನಿಮಗೊಂದು ಕಾರ್ಡ ಬರದಿದ್ರಂತಲ್ರಿ? ಮೊದಮೊದಲು ದಿನಾ ಟಪಾಲಿನ ಹಾದಿ ನೋಡತಿದ್ರು. ಆಮ್ಯಾಲ ಅಂದ್ರು, ಅಕ್ಕೋರ ಬರದಿಲ್ಲ ಅಂದ್ರ ಹುಡುಗಿ ಸಾಲಿಗೆ ಬರಾಕತ್ತಾಳ. ಬಿಟ್ಟಿದ್ರ ಅವರು ಬರೀದ ಇರತಿದ್ದಿಲ್ಲ. ಹಂಗಂದು ನಿಶ್ಚಿಂತಿ ಆದ್ರ್ರಿ. ಕಡೀಕೂ ಹಂಗ ಹೇಳ್ತಿದ್ರು." ಅವನು ನನ್ನ ಮುಖವನ್ನೇ ನೋಡಿದ. "ಕಲತಳಲ್ರಿ, ಆ ಹುಡುಗಿ?"

"ಹೌದಪ್ಪಾ, ಕಲತಳು" ಎಂದೆ.

ಅವನ ಮುಖ ಅರಳಿತು. ಒಳಗಿದ್ದ ಹೆಂಡತಿಯನ್ನು ಕೂಗಿ, ಅಬ್ಬಾ ಹೇಳಿದ್ದು ಖರೇ ಆತು ನೋಡು ಎಂದ. ನನಗೆ ಚಹಾ ತರಿಸಿದ. ಬೇಡ ಎನ್ನಲಾಗಲಿಲ್ಲ, ಕುಡಿದೆ. ಹೊರಟಾಗ ಬಸ್ಸಿನವರೆಗೂ ಬಂದು, ಕಿಟಕಿಯ ಹತ್ತಿರ ಸೀಟು ಹಿಡಿದು ಕೂರಿಸಿ, ಬಸ್ಸು ಹೊರಡುವ ತನಕ ಕೈ ಮುಗಿದುಕೊಂಡು ನಿಂತಿದ್ದ.