ಹಸಿರು ಹೋದ ಮೇಲಿನ ನೀರು

ಪೈಪ್ಸಿ ಸರೋವರದ ದಡದಲ್ಲಿ ಈರುಳ್ಳಿ ಬೆಳೆಯುತ್ತಿದ್ದ ಎವ್ಲಾಂಪಿಯಾ ಅಜ್ಜಿ ಓದಿದ್ದು ಪ್ರಾರ್ಥನೆಯ ಪುಸ್ತಕವೊಂದನ್ನೇ. ಆದರೆ ಐವತ್ತು ವರ್ಷ, ಒಂದು ಶನಿವಾರವೂ ತಪ್ಪದೆ, ಹಬೆಸ್ನಾನಕ್ಕೆ ಸರೋವರದ ನೀರನ್ನೇ ಹಂಡೆಯಲ್ಲಿ ಕಾಯಿಸಿದವಳು. ಹೊಲಗಳ ಗೊಬ್ಬರ ಹರಿದುಬಂದು ಪ್ರತಿ ಬೇಸಿಗೆಯಲ್ಲೂ ನೀರು ಪಾಚಿಗಟ್ಟುತ್ತಿತ್ತು. ಆಗ ಪಟ್ಟಣದ ಸಂಶೋಧಕಿ ಮಾರಿಕಾ ಬಂದು ಬಾಟಲಿಗಳಲ್ಲಿ ನೀರು ತುಂಬಿಕೊಳ್ಳುವಳು; ಹಸಿರು ಮಾಯವಾದೊಡನೆ ಗಂಟುಮೂಟೆ ಕಟ್ಟುವಳು. ಏಳು ವರ್ಷ ಹೀಗೇ ನಡೆಯಿತು; ಎಂಟನೆಯ ವರ್ಷವೂ ಅವಳು ಹೊರಟು ನಿಂತಳು.

"ನೀರು ತಿಳಿಯಾಯ್ತಲ್ಲ ಅಜ್ಜಿ, ಇನ್ನೇನಿದೆ?"

"ನನ್ನ ಹಂಡೇನ ಕೇಳು ಮಗಳೇ! ಹಸಿರಿದ್ದಾಗ ಇಷ್ಟು ನೊರೆ ಉಕ್ಕಲ್ಲ. ಸತ್ತ ಪಾಚಿ ಎಲ್ಲಿಗೆ ಹೋಗತ್ತೆ, ಸ್ವರ್ಗಕ್ಕಾ? ನೀರಲ್ಲೇ ಕರಗಿ ಕೂತಿದೆ. ಎರಡು ವಾರ ಇದ್ದು ನೋಡು. ನನ್ನ ಮಾತು ಸುಳ್ಳಾದ್ರೆ ಈ ವರ್ಷದ ಈರುಳ್ಳಿಯೆಲ್ಲಾ ನಿಂದೇ."

ಮಾರಿಕಾ ನಗುತ್ತಲೇ ಉಳಿದಳು. ಪ್ರಯೋಗಾಲಯದ ಉತ್ತರ ಬಂದ ದಿನ ಬೇಲಿಯಾಚೆಯಿಂದಲೇ ಕೂಗಿದಳು: "ಅಜ್ಜೀ, ಪಾಚಿ ನೀರಲ್ಲೇ ಇದೆ! ಕರಗಿದ ಇಂಗಾಲ ಹಸಿರಿದ್ದಾಗಿನದಕ್ಕಿಂತ ಒಂದೂವರೆ ಪಟ್ಟು! ಏಳು ವರ್ಷ ನಾನು ಅರ್ಧ ಕಥೆ ಬರ್ಕೊಂಡು ಹೋಗಿದೀನಿ!"

ಆ ಶನಿವಾರ ಅಜ್ಜಿಯ ಸ್ನಾನದ ಮನೆಯಲ್ಲಿ ಊರ ಹೆಂಗಸರೆಲ್ಲ ಸೇರಿದರು. ಮಾರಿಕಾಳನ್ನು ಹಲಗೆಯ ಮೇಲೆ ಬೋರಲಾಗಿ ಮಲಗಿಸಿ, ಅಜ್ಜಿ ಹಬೆಸ್ನಾನದಲ್ಲಿ ಮೈಗೆ ಬಡಿಯುವ ಬರ್ಚ್ ಮರದ ಸೊಪ್ಪಿನ ಕಟ್ಟನ್ನು ಮೇಲೆತ್ತಿದಳು.

"ಎಣಿಸು ಮಗಳೇ, ವರ್ಷಕ್ಕೊಂದು!"